ಓಣಿಯ ಮೇಲೊಂದು ಕಣ್ಣು

ನಮ್ಮ ಮನೆಗೆ ಕ್ಯಾಮೆರಾ ಬರೋದಕ್ಕೆ ಕಾರಣ ಮೂವತ್ತು ಅಡಿ ಉದ್ದದ ಒಂದು ಹಸಿರು ಪೈಪು. ನಳ ಬಂದಾಗ ಟಾಕಿ ತುಂಬಿಸುವ ಪೈಪು ಅದು. ಒಂದು ಬೆಳಿಗ್ಗೆ ನೋಡಿದರೆ ಗೋಡೆಯ ಮೇಲೆ ಅದನ್ನು ತೂಗುಹಾಕುತ್ತಿದ್ದ ಮೊಳೆ ಮಾತ್ರ ಇತ್ತು.

"ಇವತ್ತ ಪೈಪ್ ಒಯ್ದಾನ, ನಾಳೆ ಟಾಕಿ ಒಯ್ತಾನ, ನಾಡದ ನಿನ್ನ ಒಯ್ತಾನ ನೋಡು" ಅಂದಳು ಅವ್ವ.

"ಇವರನ್ನ ಒಯ್ದ್ರ ಮರುದಿನಾನ ತಂದು ಬಿಟ್ಟು ಹೋಗ್ತಾನ ಬಿಡ್ರಿ ಅತ್ತಿ" ಎಂದು ಅಡುಗೆಮನೆಯಿಂದ ನಮ್ಮಾಕಿ ಸಮಾಧಾನ ಹೇಳಿದಳು.

ಅಂಗಡಿಯಲ್ಲಿ ಕೇಳಿದೆ. ಕ್ಯಾಮೆರಾ, ರೆಕಾರ್ಡ್ ಮಾಡುವ ಪೆಟ್ಟಿಗೆ, ಹಾರ್ಡ್ ಡಿಸ್ಕ್, ವೈರು, ಕೂಲಿ ಎಲ್ಲ ಸೇರಿ ಅವರು ಹೇಳಿದ ರೇಟಿಗೆ ಅಂಥ ಪೈಪು ಓಣಿಗೆಲ್ಲ ಹಂಚಬಹುದಿತ್ತು. ಆಗ ನೆನಪಾಯಿತು, ನಮ್ಮ ಹಳೆ ಕಂಪ್ಯೂಟರ್. 2011ರಲ್ಲಿ ಕೊಂಡದ್ದು. ಈಗ ಅದಕ್ಕೆ ಇರುವ ಕೆಲಸ ವರ್ಷಕ್ಕೊಂದೇ. ಖಂಡೇನವಮಿಯ ದಿನ ಕುಂಕುಮ ಹಚ್ಚಿಸಿಕೊಂಡು ಹೂ ಮುಡಿಯೋದು. ಕ್ಯಾಮೆರಾ ಒಂದನ್ನೇ ತಂದು ಇದಕ್ಕೆ ಜೋಡಿಸಿದರೆ ರೆಕಾರ್ಡರ್ ಖರ್ಚು ಉಳಿಯುತ್ತೆ ಅಲ್ವಾ?

ಸಿದ್ಧೇಶ್ವರ ಜಾತ್ರೆಗೆ ಬಂದಿದ್ದ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. "ಆರಾಮ ಆಗ್ತದ ಮಾಮಾ" ಅಂದ. ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚಿದೆವು. ಒಳಗೆ ಬೋರ್ಡು ಕಾಣಲಿಲ್ಲ, ಧೂಳಿನ ಹಾಸಿಗೆ ಕಂಡಿತು. ಹಾಸಿಗೆಯ ಮೇಲೆ ಒಂದು ಹಲ್ಲಿಯ ಬಾಲ. ಹಲ್ಲಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಾಗಿಲ್ಲ. ಧೂಳು ಊದಿದ, ಲಿನಕ್ಸ್ ಹಾಕಿದ, ಅದರ ಮೇಲೆ ಝೋನ್‌ಮೈಂಡರ್ ಅನ್ನೋ, ಕ್ಯಾಮೆರಾದ ಚಿತ್ರ ರೆಕಾರ್ಡ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಕೂರಿಸಿದ. ಜಾತ್ರೆ ಮುಗಿಯಿತು, ಅವನು ಊರಿಗೆ ಹೋದ. ಉಳಿದದ್ದು ನಾನು ಮಾಡಬೇಕಿತ್ತು.

ಕ್ಯಾಮೆರಾ ತಂದೆ. ಎರಡು ಮೆಗಾಪಿಕ್ಸೆಲ್. ಒಂದೇ ವೈರಿನಲ್ಲಿ ಕರೆಂಟೂ ಹೋಗುತ್ತೆ, ಚಿತ್ರವೂ ಬರುತ್ತೆ ಅಂದಿದ್ದರು. ಪಕ್ಕದ ಮನೆ ಕಾಕಾನ ಹತ್ತಿರ ಬಿದಿರಿನ ನಿಚ್ಚಣಿಕೆ ಇಸಗೊಂಡು, ಗೇಟಿನ ಮೇಲಿನ ಗೋಡೆಗೆ ಬಡಿದೆ. ವೈರು ಎಳೆದೆ. ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಚುಚ್ಚಿದೆ. ಕ್ಯಾಮೆರಾ ಉಸಿರೇ ಎತ್ತಲಿಲ್ಲ. ವೈರು ಬದಲಿಸಿದೆ. ಬೈದೆ. ಕೊನೆಗೆ ಬಿಚ್ಚಿಕೊಂಡು ಅಂಗಡಿಗೆ ಹೋಗಿ, "ಸತ್ತದ್ದ ಕೊಟ್ಟೀರಲ್ರಿ" ಎಂದು ಜಗಳಕ್ಕೆ ನಿಂತೆ.

ಹುಡುಗ ಶಾಂತವಾಗಿ ಕೇಳಿದ. "ಕರೆಂಟ್ ಎಲ್ಲಿಂದ ಕೊಟ್ರಿ?"

"ಒಂದ ವೈರಿನಾಗ ಬರ್ತದ ಅಂದಿದ್ರಲ್ಲ?"

"ಆ ಕಡಿಂದ ಯಾರರೆ ಕಳಿಸಿದ್ರ ಈ ಕಡೆ ಬರ್ತದ್ರಿ."

ವೈರಿನೊಳಗೆ ಕರೆಂಟ್ ತುಂಬಿ ಕಳಿಸಲು ಪಿಒಇ ಅನ್ನೋ ಬೇರೆ ಸ್ವಿಚ್ ಬೇಕಂತೆ. ಸುಮ್ನೆ ಅದನ್ನೂ ಕೊಂಡು, ತಲೆ ತಗ್ಗಿಸಿ ಬಂದೆ. ಮತ್ತೆ ನಿಚ್ಚಣಿಕೆ ಹತ್ತಿದೆ.

"ನಿಚ್ಚಣಿಕಿ ಆತೇನೋ?" ಎಂದು ಕಾಕಾ ಕಾಂಪೌಂಡಿನ ಆಚೆಯಿಂದ ಕೇಳಿದರು.

"ನಾಳೆ ಕೊಡ್ತೀನ್ರೀ ಕಾಕಾ."

ಆ ಸಂಜೆ ಪರದೆಯ ಮೇಲೆ ನಮ್ಮ ಓಣಿ ಮೂಡಿತು. ಗೇಟು, ಬೇವಿನ ಮರ, ಮರದ ಕೆಳಗೆ ನಳದ ವಾಲ್ವ್ ಇರುವ ಗುಂಡಿ, ಆಚೆ ಮನೆಯ ಕಟ್ಟೆ. ದಿನಾ ನೋಡುವ ಓಣಿಯೇ. ಆದರೂ ಮನೆಮಂದಿಯೆಲ್ಲ ಅರ್ಧ ತಾಸು ಬಾಯಿ ಬಿಟ್ಟುಕೊಂಡು ನೋಡಿದೆವು. ಕಟ್ಟೆಯ ಮೇಲೆ ಕೂತಿದ್ದ ನಾಯಿ ಕಿವಿ ಕೆರೆದುಕೊಂಡರೆ ಅವ್ವನಿಗೆ ಅದೂ ಸುದ್ದಿ.

ಸಾಕ್ಷಿ ಒಂದೂ ತಪ್ಪಬಾರದು ಅಂತ ಇಪ್ಪತ್ತನಾಲ್ಕು ತಾಸೂ ರೆಕಾರ್ಡ್ ಆಗುವ ಹಾಗೆ ಇಟ್ಟೆ. ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸುವ ಏರ್ಪಾಡು ಅದರಲ್ಲೇ ಇತ್ತು. ನಾನೇ ಬುದ್ಧಿ ಓಡಿಸಿ ಅದನ್ನು ಬಂದ್ ಮಾಡಿದೆ. ಕಳ್ಳನ ಮುಖ ಇರುವ ಭಾಗವನ್ನೇ ಅಳಿಸಿಬಿಟ್ಟರೆ? ಈ ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತೆ. ಅಂದರೆ ದಿನಕ್ಕೆ ಸುಮಾರು 43 ಜಿಬಿ. ಡಿಸ್ಕ್ 500 ಜಿಬಿಯದು, ಆದರೆ ಮದುವೆ ವಿಡಿಯೊ, ಮಗಳ ಜವಳದ ಫೋಟೊ ಯಾವುದನ್ನೂ ಮುಟ್ಟಬಾರದು ಅಂತ ನಮ್ಮಾಕಿಯ ಆರ್ಡರ್ ಆಗಿತ್ತು. ಖಾಲಿ ಇದ್ದದ್ದು 200 ಜಿಬಿ. ಐದನೇ ದಿನ ಮಧ್ಯಾಹ್ನ ಕಂಪ್ಯೂಟರ್ ಕೈ ಎತ್ತಿತು. ಐದು ದಿನದ ಸಾಕ್ಷಿಯಲ್ಲಿ ಅದೇ ನಾಯಿ ಮಲಗಿತ್ತು.

ಸರಿ, ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡು ಅಂದೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಎಷ್ಟು ಚುಕ್ಕಿ ಬದಲಾಯಿತು ಅಂತ ಲೆಕ್ಕ ಹಾಕಿ, ಜಾಸ್ತಿ ಆದರೆ ಫೋನಿಗೆ ಗಂಟೆ ಹೊಡೆಯುತ್ತೆ. ಅದಕ್ಕೆ ಕಳ್ಳ ಯಾರು, ಬೇವಿನ ಟೊಂಗೆ ಯಾವುದು ಅಂತ ಗೊತ್ತಿಲ್ಲ. ವಿಜಯಪುರದ ಬಯಲುಗಾಳಿ ಗೊತ್ತಲ್ಲ? ಆ ರಾತ್ರಿ ಬೇವಿನ ಮರ ನಮ್ಮ ಮನೆಗೆ ಇನ್ನೂರಾ ಹನ್ನೊಂದು ಸಲ ನುಗ್ಗಲು ನೋಡಿತು. ಮರ ಸುಮ್ಮನಾದರೆ ಜೇಡ. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾ ಇನ್ಫ್ರಾರೆಡ್ ಅನ್ನೋ, ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತೆ. ಅದರ ಮುಂದೆಯೇ ಜೇಡ ಬಲೆ ಹೆಣೆಯುತ್ತೆ. ಆ ಬಲೆಯ ಎಳೆ ಪರದೆಯ ಮೇಲೆ ಹಗ್ಗದಷ್ಟು ದಪ್ಪ ಹೊಳೆಯುತ್ತೆ. ಜೇಡ ನಡೆದರೆ ಎಂಟು ಕಾಲಿನ ದರೋಡೆಕೋರ. ಮೂರನೇ ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗಿದೆ. ಆ ಸೈಲೆಂಟ್ ಮತ್ತೆ ತೆಗೆಯಲೇ ಇಲ್ಲ. ಇದನ್ನು ನೆನಪಿಡಿ.

ಈ ನಡುವೆ ಕರೆಂಟ್ ಬಿಲ್ ಬಂತು. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ನಮ್ಮದು ಸೊನ್ನೆ ಬಿಲ್. ಹಗಲು ರಾತ್ರಿ ಓಡುವ ಹಳೆ ಕಂಪ್ಯೂಟರ್ ದಿನಕ್ಕೆ ಎರಡು ಯೂನಿಟ್ ನುಂಗುತ್ತಿತ್ತು. ತಿಂಗಳಿಗೆ ಅರವತ್ತು. ಪುಕ್ಕಟೆ ಕರೆಂಟಿನ ಮಿತಿ ದಾಟಿತ್ತು. ನಮ್ಮಾಕಿ ಬಿಲ್ಲನ್ನು ನನ್ನ ತಾಟಿನ ಪಕ್ಕ, ಶೇಂಗಾ ಚಟ್ನಿ ಇಡುವ ಜಾಗದಲ್ಲಿ ಇಟ್ಟಳು. "ಕಳ್ಳ ಒಂದ ಸಲ ಒಯ್ದ. ಇದು ತಿಂಗಳಾ ಒಯ್ತದ."

ಮಾತು ಬೆಳೆಯಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಅವ್ವನ ಸ್ವತ್ತಾಗಿತ್ತು. ನಮ್ಮ ಓಣಿಗೆ ನಳ ಐದಾರು ದಿನಕ್ಕೊಮ್ಮೆ. ಎಷ್ಟು ಹೊತ್ತಿಗೆ ಅಂತ ಬಿಡುವವನಿಗೂ ಗೊತ್ತಿರಲಿಕ್ಕಿಲ್ಲ. ಅವ್ವ ಪರದೆಯ ಮುಂದೆ ಜಪಮಾಲೆ ಹಿಡಿದು ಕೂತು, ವಾಲ್ವಿನ ಗುಂಡಿಯ ಹತ್ತಿರ ಅವನು ಬಗ್ಗಿದ ಕೂಡಲೇ "ನಳ ಬಂತ್ರೇ!" ಎಂದು ಕೂಗುವಳು. ಗೋಳಗುಮ್ಮಟದಲ್ಲಿ ಈ ತುದಿಗೆ ಪಿಸುಗುಟ್ಟಿದರೆ ಆ ತುದಿಗೆ ಕೇಳುತ್ತೆ. ನಮ್ಮ ಓಣಿಗೆ ಗುಮ್ಮಟವೂ ಬೇಡ. ವಾರದೊಳಗೆ ಆಚೀಚೆ ಮನೆಯವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ಸೊಪ್ಪು ಸೋಸತೊಡಗಿದರು.

ನಗಬೇಡಿ. ಇದೇ ಕೆಲಸ ಮೊದಲು ಮಾಡಿದವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪಂಡಿತರು. ಕಾಫಿಗೆ ಅಂತ ಮೆಟ್ಟಿಲಿಳಿದು ಬಂದು, ಪಾತ್ರೆ ಖಾಲಿ ನೋಡಿ ನೋಡಿ ಬೇಸತ್ತು, 1991ರಲ್ಲಿ ಅದರ ಮುಂದೆ ಕ್ಯಾಮೆರಾ ಇಟ್ಟು ಕಂಪ್ಯೂಟರಿಗೆ ಜೋಡಿಸಿದರು. 1993ರಲ್ಲಿ ಆ ಕಪ್ಪು ಬಿಳುಪು ಚಿತ್ರ ಇಂಟರ್ನೆಟ್ಟಿಗೂ ಹತ್ತಿತು. 2001ರವರೆಗೆ ಜಗತ್ತೆಲ್ಲ ಆ ಕಾಫಿ ಪಾತ್ರೆ ನೋಡಿತು. ಅವರಿಗೆ ಕಾಫಿ, ನಮಗೆ ನೀರು.

"ಗುಂಡಿ ಸಣ್ಣದ ಕಾಣ್ತದ, ಇನ್ನೊಂಚೂರು ಬಗ್ಗಸು" ಅಂದಳು ಅವ್ವ. ಮತ್ತೆ ನಿಚ್ಚಣಿಕೆ. ಕ್ಯಾಮೆರಾದ ಕತ್ತು ತಿರುಗಿಸಿ, ಝೂಮ್ ಎಳೆದು, ಗುಂಡಿಯ ಸುತ್ತ ಗೆರೆ ಹಾಕಿದೆ. ಗೆರೆಯೊಳಗೆ ಅಲುಗಿದರೆ ಮಾತ್ರ ರೆಕಾರ್ಡ್. ಬೇವಿನ ಕಾಟ ತಪ್ಪಿತು. ಗೇಟೂ ತಪ್ಪಿತು ಅನ್ನೋದು ಆಗ ಹೊಳೆಯಲಿಲ್ಲ. ನಿಚ್ಚಣಿಕೆಯನ್ನು ಗೇಟಿನ ಹೊರಗೆ ಮರಕ್ಕೆ ಒರಗಿಸಿ ಒಳಗೆ ಬಂದೆ. ನಾಳೆ ಕೊಟ್ಟರಾಯಿತು.

ಬೆಳಿಗ್ಗೆ ಅದು ಇರಲಿಲ್ಲ.

ಕಾಕಾ ಬಂದರು, ಕಾಕು ಬಂದರು, ಸೊಪ್ಪಿನ ಬುಟ್ಟಿಯ ಸಮೇತ ಓಣಿ ಬಂತು. ನಡುಗುವ ಕೈಯಿಂದ ರೆಕಾರ್ಡಿಂಗ್ ತೆಗೆದೆ. ರಾತ್ರಿ ಒಂದೇ ಒಂದು ತುಣುಕು, 3 ಗಂಟೆ 40 ನಿಮಿಷಕ್ಕೆ. ನಳ ಬಿಡುವವನು ಬಗ್ಗಿ, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು ವಾಲ್ವ್ ತಿರುಗಿಸುತ್ತಿದ್ದಾನೆ. ಅವನ ಹಿಂದೆ ಹವಾಯಿ ಚಪ್ಪಲಿ ಹಾಕಿದ ಎರಡು ಕಾಲು ಬಂದವು. ಮೊಣಕಾಲಿನ ಮೇಲೆ ಚಿತ್ರವೇ ಇಲ್ಲ. ಕಾಲಿನ ಹಿಂದೆ ನಿಚ್ಚಣಿಕೆಯ ತುದಿ ನೆಲಕ್ಕೆ ತಾಗುತ್ತಾ ಎಳೆದುಕೊಂಡು ಹೊರಟಿದೆ. ದಾರಿ ಸಾಲದೆ ಕಾಲು ನಿಂತವು. ನಳ ಬಿಡುವವನು ತಿರುಗಿಯೂ ನೋಡದೆ ಒಂದು ಹೆಜ್ಜೆ ಸರಿದು ದಾರಿ ಬಿಟ್ಟ. ನಿಚ್ಚಣಿಕೆ ಹೋಯಿತು.

ಪಡಸಾಲೆಯಲ್ಲಿ ಸದ್ದಿಲ್ಲ. ಕಾಕಾ ನನ್ನ ಮುಖ ನೋಡಿದರು. ನಾನು ಹಲ್ಲಿಯ ಬಾಲ ಸಿಕ್ಕ ಪೆಟ್ಟಿಗೆ ನೋಡಿದೆ.

ಕಾಕು ಸೊಪ್ಪಿನ ಬುಟ್ಟಿ ಕೆಳಗಿಟ್ಟರು.

"ಅಂದ್ರ ಮೂರು ನಲವತ್ತಕ್ಕ ನಳ ಬಿಟ್ಟಿದ್ದ. ನಮಗ್ಯಾಕ ಎಬ್ಬಿಸಲಿಲ್ಲೋ?"