ಕುದಿಯುವ ಮನಸ್ಸಿಗೆ ಒಮ್ಮೆಲೇ ಕೊಳಲು ಕೇಳಿಸಬೇಡಿ

ಎದೆ ಡವಗುಟ್ಟುತ್ತಿರುವವರಿಗೆ, ಸಿಟ್ಟಿನಲ್ಲಿ ಒಳಗೊಳಗೇ ಬೇಯುತ್ತಿರುವವರಿಗೆ ತುಂಬಾ ನಿಧಾನದ ಸಂಗೀತ ಹಾಕಿಕೊಟ್ಟು ‘ಕೇಳು, ಸಮಾಧಾನ ಆಗುತ್ತೆ’ ಅನ್ನುತ್ತೇವೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅವರಿಗೆ ಕಿರಿಕಿರಿ ಹೆಚ್ಚುತ್ತದೆ, ಇಯರ್‌ಫೋನ್ ಕಿತ್ತಿಡುತ್ತಾರೆ. ಆಮೇಲೆ ‘ನನಗೆ ಇದೆಲ್ಲ ಆಗಿಬರಲ್ಲ’ ಎಂದು ಸಂಗೀತವನ್ನೂ ಧ್ಯಾನವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಇಲ್ಲಿ ತಪ್ಪಿದ್ದು ಒಂದೇ, ಶುರು ಮಾಡಿದ ಜಾಗ.

ಸಂಗೀತ ಚಿಕಿತ್ಸೆಯಲ್ಲಿ ‘ಐಸೊ ತತ್ವ’ ಅಂತ ಒಂದಿದೆ. 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ ಇದನ್ನು ರೂಪಿಸಿದರು. ಮನಸ್ಸು ಈಗ ಎಲ್ಲಿದೆಯೋ ಅಲ್ಲಿಗೆ ಹೊಂದುವ ಸಂಗೀತದಿಂದ ಆರಂಭಿಸಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುವುದು ಇದರ ತಿರುಳು. ನನ್ನ ಪ್ರಕಾರ ಮನೆಯಲ್ಲೇ ಮಾಡಿಕೊಳ್ಳುವವರಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ.

ಮಾಡುವುದು ಹೀಗೆ. ಮಣಿಕಟ್ಟಿನಲ್ಲಿ ನಾಡಿ ಹಿಡಿದು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. 95-100 ಬಂದರೆ ಮೊದಲ ಹಾಡಿನ ವೇಗವೂ ಅದರ ಆಸುಪಾಸಿನಲ್ಲಿರಲಿ. ಹಾಡಿನ ವೇಗ ಗೊತ್ತಾಗಬೇಕಾದರೆ ಅದರ ಜೊತೆ 15 ಸೆಕೆಂಡು ಕಾಲು ತಟ್ಟಿ, ನಾಲ್ಕರಿಂದ ಗುಣಿಸಿದರೆ ಸಾಕು. ಮುಂದಿನ ಪ್ರತಿ ಹಾಡು ನಿಮಿಷಕ್ಕೆ ಸುಮಾರು 10 ತಟ್ಟಿನಷ್ಟು ನಿಧಾನವಾಗುತ್ತಾ ಹೋಗಿ, ಕೊನೆಯದು 60ರ ಹತ್ತಿರ ನಿಲ್ಲಬೇಕು. ಐದು ಹಾಡು, ಒಟ್ಟು 20-25 ನಿಮಿಷ. ಮೊದಲ ಎರಡರಲ್ಲಿ ಸಾಹಿತ್ಯ ಇರಬಹುದು, ಕೊನೆಯ ಎರಡರಲ್ಲಿ ಬೇಡ. ಪದ ಕೇಳಿದ ಕೂಡಲೇ ಮನಸ್ಸು ಅರ್ಥದ ಬೆನ್ನು ಹತ್ತುತ್ತದೆ. ಬೇಸರದಿಂದ ಕುಗ್ಗಿ ಮಲಗಿದವರಿಗೆ ಇದನ್ನೇ ತಿರುವು ಮುರುವು ಮಾಡಿ: ನಿಧಾನದ, ವಿಷಾದದ ಹಾಡು ಮೊದಲು, ಚುರುಕಿನದು ಕೊನೆಗೆ. ಅವರ ಮುಂದೆ ಮೊದಲೇ ಕುಣಿಯುವ ಹಾಡು ಹಾಕಿದರೆ ತಮ್ಮನ್ನು ಯಾರೂ ಅರ್ಥ ಮಾಡಿಕೊಂಡಿಲ್ಲ ಅನ್ನಿಸುತ್ತದೆ.

ಕೆಡುವುದು ಬಹಳ ಸಲ ಫೋನಿನಿಂದ. ಹಾಡಿನ ಕ್ರಮ ಅದಲುಬದಲಾಗುವುದು, ನಡುವೆ ಜಾಹೀರಾತು ಕಿರುಚುವುದು, ಒಂದು ಮೆಸೇಜಿನ ಸದ್ದು, ಇಷ್ಟಾದರೆ ಅಲ್ಲಿಯವರೆಗಿನ ಶ್ರಮವೆಲ್ಲ ಹೋಯಿತು. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಫ್ಲೈಟ್ ಮೋಡ್‌ನಲ್ಲಿ ಕೇಳಿ. ಪಕ್ಕದಲ್ಲಿ ಕೂತವರು ಮಾಮೂಲಿ ದನಿಯಲ್ಲಿ ಮಾತಾಡಿದರೆ ನಿಮಗೆ ತಿಳಿಯುವಷ್ಟೇ ಇರಲಿ ವಾಲ್ಯೂಮ್. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಈ ಅವಧಿ ಬೇಗ ಇಳಿಯುತ್ತದೆ.

ಕೊನೆಯ ಹಾಡು ಮುಗಿದ ಮೇಲೆ ದಯವಿಟ್ಟು ಎದ್ದು ಹೋಗಬೇಡಿ. ಇಟಲಿಯ ಲೂಸಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗದ ಸಂಗೀತಕ್ಕೆ ಉಸಿರು, ಎದೆಬಡಿತ, ರಕ್ತದೊತ್ತಡ ಏರಿದವು. ಆದರೆ ಸಂಗೀತದ ನಡುವೆ ಇಟ್ಟಿದ್ದ 2 ನಿಮಿಷದ ಮೌನದಲ್ಲಿ ಅವೇ ಅಳತೆಗಳು ಆರಂಭದ ಮಟ್ಟಕ್ಕಿಂತಲೂ ಕೆಳಗಿಳಿದವು. ದೇಹ ಸಡಿಲಾಗಿದ್ದು ಹಾಡು ನಿಂತ ಮೇಲೆ! ಧ್ಯಾನ ಶುರುವಾಗಬೇಕಾದ್ದು ಆ ಮೌನದಲ್ಲಿ. ಬರಿಗೈಲಿ ಧ್ಯಾನಕ್ಕೆ ಕೂತು ಒದ್ದಾಡುವವರಿಗೆ ಸಂಗೀತ ಹೊಸಿಲು ದಾಟಿಸಿ ಬಿಡುತ್ತದೆ. ಒಳಗೆ ಬಂದ ಮೇಲೆ ಅದು ಬೇಡ. ಹಿನ್ನೆಲೆಯಲ್ಲಿ ರಾಗ ಹರಿಯುತ್ತಿದ್ದರೆ ಗಮನ ಉಸಿರಿನ ಮೇಲೆ ನಿಲ್ಲದೆ ಮುಂದಿನ ಸ್ವರಕ್ಕೆ ಕಾಯುತ್ತಿರುತ್ತದೆ.

ಮೂಗಿನಿಂದ 4 ಸೆಕೆಂಡು ಉಸಿರೊಳಗೆ, 6 ಸೆಕೆಂಡು ಹೊರಗೆ. ಹೀಗೆ ನಿಮಿಷಕ್ಕೆ 6 ಉಸಿರಾಯಿತು. ಆರೇ ಏಕೆಂದರೆ, ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ವ್ಯವಸ್ಥೆಗೆ ಹೆಚ್ಚುಕಡಿಮೆ 10 ಸೆಕೆಂಡಿನ ಒಂದು ಏರಿಳಿತ ಇದೆ. ಉಸಿರೂ ಅದೇ ಲಯಕ್ಕೆ ಬಂದಾಗ ಎರಡೂ ಒಂದನ್ನೊಂದು ಬಲಪಡಿಸುತ್ತವೆ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ, ಅದಕ್ಕೇ ಹೊರಗಿನ ಉಸಿರು ಉದ್ದ. ಇಲ್ಲಿ ಎಲ್ಲರೂ ಮಾಡುವ ತಪ್ಪು, ನಿಧಾನ ಎಂದರೆ ಆಳ ಎಂದುಕೊಂಡು ಶ್ವಾಸಕೋಶ ತುಂಬಿ ತುಳುಕುವಂತೆ ಎಳೆಯುವುದು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ ಜುಮುಗುಡುತ್ತದೆ, ತಲೆ ತಿರುಗುತ್ತದೆ. ಅದನ್ನು ಧ್ಯಾನದ ಅನುಭವ ಎಂದು ಭ್ರಮಿಸುವವರೂ ಇದ್ದಾರೆ. ಮಾಮೂಲಿಯಷ್ಟೇ ಗಾಳಿ, ನಿಧಾನವಾಗಿ, ಅಷ್ಟೇ. 4-6 ಕಷ್ಟವಾದರೆ 3-4ರಿಂದ ಆರಂಭಿಸಿ. ಎಣಿಕೆ ಹಿಡಿಸದಿದ್ದರೆ ಬಾಯಿ ಮುಚ್ಚಿ ‘ಮ್...’ ಎಂದು ಮೆಲ್ಲಗೆ ಗುನುಗುತ್ತಾ ಉಸಿರು ಬಿಡಿ, ತಾನಾಗಿ ಉದ್ದವಾಗುತ್ತದೆ.

ಐದು ನಿಮಿಷ ಹೀಗೆ ಕಳೆದ ಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟು, ಹೊರಹೋಗುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ. ತಪ್ಪಿದರೆ ಮತ್ತೆ ಒಂದರಿಂದ. ಹತ್ತು ನಿಮಿಷದಲ್ಲಿ ಮೂವತ್ತು ಸಲ ತಪ್ಪಿದರೂ ಅದು ಸೋಲಲ್ಲ, ಮೂವತ್ತು ಸಲ ವಾಪಸ್ ಬಂದ ಅಭ್ಯಾಸ.

ಇಷ್ಟೂ ಮನೆಮಟ್ಟದ್ದು. ತರಬೇತಾದವರು ಮಾಡುವ ಸಂಗೀತ ಚಿಕಿತ್ಸೆಯ ಹರವೇ ಬೇರೆ. ಪಾರ್ಕಿನ್ಸನ್ ಇರುವವರ ಹೆಜ್ಜೆ ತಡವರಿಸುವುದು ಮಿದುಳಿನ ಒಳಗಿನ ತಾಳ ಕೈಕೊಡುವುದರಿಂದ. ಹೊರಗಿನಿಂದ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಸಾಧನ) ತಾಳ ಕೊಟ್ಟರೆ ಕಾಲು ಅದನ್ನು ಹಿಡಿದು ನಡೆಯುತ್ತದೆ. ಮೊದಲು ಅವರು ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೋ ಅದೇ ವೇಗ, ಹೊಂದಿಕೊಂಡ ಮೇಲೆ ಶೇ. 5-10 ಹೆಚ್ಚು. ಮೊದಲೇ ವೇಗ ಏರಿಸಿದರೆ ಬೀಳಬಹುದು, ಹಾಗಾಗಿ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿರಲೇಬೇಕು.

ಪಾರ್ಶ್ವವಾಯುವಿನಿಂದ ಮಾತು ಹೋದವರಲ್ಲಿ ಕೆಲವರು ಒಂದು ಪದ ಆಡಲಾರರು, ಆದರೆ ಹಳೆಯ ಹಾಡನ್ನು ಪೂರ್ತಿ ಹಾಡಿಬಿಡುತ್ತಾರೆ. 1973ರಲ್ಲಿ ಬಾಸ್ಟನ್‌ನಲ್ಲಿ ರೂಪುಗೊಂಡ ಮೆಲೋಡಿಕ್ ಇಂಟೊನೇಷನ್ ಥೆರಪಿ ಈ ದಾರಿಯನ್ನೇ ಬಳಸಿಕೊಳ್ಳುತ್ತದೆ. ‘ನೀರು ಕೊಡಿ’ಯಂಥ ದಿನಬಳಕೆಯ ಮಾತು, ಎರಡೇ ಸ್ವರ, ಪ್ರತಿ ಅಕ್ಷರಕ್ಕೆ ಎಡಗೈಯ ಒಂದು ತಟ್ಟು. ಚಿಕಿತ್ಸಕರು ಮೊದಲು ಜೊತೆಗೆ ಹಾಡುತ್ತಾರೆ, ಆಮೇಲೆ ಅರ್ಧಕ್ಕೆ ನಿಲ್ಲಿಸುತ್ತಾರೆ, ಕೊನೆಗೆ ರಾಗವನ್ನೇ ಕಳಚಿ ಮಾತಾಗಿಸುತ್ತಾರೆ. ಮನೆಯವರು ಎಡವುವುದು ಇಲ್ಲೇ. ಇಡೀ ಹಾಡು ಹಾಡಿಸಿ ‘ಮಾತು ಬಂತು’ ಎಂದು ಸಂಭ್ರಮಿಸುತ್ತಾರೆ. ಹಾಡು ಬಾಯಿಪಾಠದಿಂದ ಬಂದದ್ದು. ಬಾಯಾರಿದಾಗ ನೀರು ಕೇಳಲು ಅದರಿಂದ ಆಗುವುದಿಲ್ಲ.

432 ಹರ್ಟ್ಜ್, 528 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಸ್ವರಗಳು) ಕಾಯಿಲೆ ವಾಸಿಮಾಡುತ್ತವೆ ಎಂಬ ವಿಡಿಯೊಗಳನ್ನು ನಂಬಬೇಡಿ. ಅವು ಹೇಳುವ ‘ಡಿಎನ್‌ಎ ರಿಪೇರಿ’ಗೆ ಯಾವ ಬುಡವೂ ಇಲ್ಲ. ಇಂಥ ಕಾಯಿಲೆಗೆ ಇಂಥ ರಾಗ ಎಂಬ ಪಟ್ಟಿಗಳನ್ನೂ ಔಷಧದ ಚೀಟಿಯಂತೆ ಹಿಡಿಯಬೇಡಿ. ಕೇಳುವವರ ಆಯ್ಕೆ, ವೇಗ, ಸದ್ದು, ಇವೇ ಹೆಚ್ಚು ಕೆಲಸ ಮಾಡುವುದು. ಬಿಪಿ ಮಾತ್ರೆಯನ್ನಾಗಲಿ ಖಿನ್ನತೆಯ ಮಾತ್ರೆಯನ್ನಾಗಲಿ ನೀವಾಗಿ ನಿಲ್ಲಿಸಬೇಡಿ.

ಮಾನಸಿಕ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿದರೆ ಹಳೆಯದೆಲ್ಲ ನುಗ್ಗಿ ಬರಬಹುದು. ಅವರು ಕಣ್ಣು ತೆರೆದು, ನೆಲಕ್ಕೆ ತಾಗಿದ ಪಾದದ ಮೇಲೆ ಗಮನವಿಟ್ಟು, ಮೂರು ನಿಮಿಷಕ್ಕೆ ನಿಲ್ಲಿಸಲಿ. ಸೈಕೋಸಿಸ್ (ಇಲ್ಲದ್ದು ಕಾಣಿಸುವ, ಕೇಳಿಸುವಂಥ, ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಅಥವಾ ಉನ್ಮಾದದ ಇತಿಹಾಸ ಇರುವವರು ಹಲವು ದಿನಗಳ ಮೌನ ಶಿಬಿರಕ್ಕೆ ವೈದ್ಯರನ್ನು ಕೇಳದೆ ಹೋಗಲೇಬಾರದು. ಅಪರೂಪಕ್ಕೆ ಕೆಲವರಿಗೆ ಸಂಗೀತವೇ ಫಿಟ್ಸ್ ತರಿಸುತ್ತದೆ.

ಹಾಸಿಗೆ ಹಿಡಿದವರಿಗೆ ಕೇಳಿಸುವಾಗ ಹಾಡನ್ನು ಅವರೇ ಆರಿಸಲಿ. ಮಾತಾಡಲಾಗದಿದ್ದರೆ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ: ಬೆರಳು ಎತ್ತಿದರೆ ನಿಲ್ಲಿಸು ಅಂತ. ಸನ್ನೆಯೂ ಆಗದವರ ಹುಬ್ಬು ಗಂಟಿಕ್ಕಿದರೆ, ಉಸಿರು ಬಿರುಸಾದರೆ, ಆ ಕ್ಷಣವೇ ಹಾಡು ನಿಲ್ಲಿಸಿ.