ಸೋತ ಊರಿಗೂ ಮುಂದಿನ ಶನಿವಾರ ಇರಬೇಕು

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೊರಟರೆ, ಇಂಗ್ಲೆಂಡಿನ ಗಡಿ ಸಿಗುವ ಮುಂಚೆ ಕೆಲವು ಚಿಕ್ಕ ಊರುಗಳು ಬರುತ್ತವೆ. ಗಾಲಶೀಲ್ಸ್, ಮೆಲ್ರೋಸ್, ಸೆಲ್‌ಕರ್ಕ್, ಹಾಯಿಕ್, ಜೆಡ್‌ಬರಾ, ಕೆಲ್ಸೊ. ಇವುಗಳಲ್ಲಿ ದೊಡ್ಡವೆನಿಸಿಕೊಂಡ ಹಾಯಿಕ್‌ನ ಜನಸಂಖ್ಯೆಯೇ ಸುಮಾರು 14 ಸಾವಿರ. ಮೆಲ್ರೋಸ್ ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ರಗ್ಬಿ ಯೂನಿಯನ್, ಅಂದರೆ ತಂಡಕ್ಕೆ ಹದಿನೈದು ಜನರಂತೆ ಆಡುವ ರಗ್ಬಿಯ, ಜಗತ್ತಿನ ಅತಿ ಹಳೆಯ ಲೀಗ್ ಹುಟ್ಟಿದ್ದು ಇಲ್ಲೇ. ಅದರ ಹೆಸರು ಬಾರ್ಡರ್ ಲೀಗ್. 1901ರಲ್ಲಿ ಹಾಯಿಕ್, ಗಾಲಾ (ಗಾಲಶೀಲ್ಸ್‌ನದ್ದು), ಮೆಲ್ರೋಸ್, ಜೆಡ್-ಫಾರೆಸ್ಟ್ (ಜೆಡ್‌ಬರಾದ್ದು), ಲ್ಯಾಂಗಮ್ ಎಂಬ ಐದು ಕ್ಲಬ್‌ಗಳು ಸೇರಿ ಶುರು ಮಾಡಿದವು. 1912ರಲ್ಲಿ ಕೆಲ್ಸೊ, ಸೆಲ್‌ಕರ್ಕ್ ಬಂದು ಏಳಾದವು.

ಸ್ಕಾಟ್ಲೆಂಡಿನ ರಗ್ಬಿ ಸಂಸ್ಥೆ ಇಡೀ ದೇಶಕ್ಕೆ ಅಧಿಕೃತ ಲೀಗ್ ಮಾಡಿದ್ದು 1973ರಲ್ಲಿ. ಅಂದರೆ ಈ ಊರುಗಳು ಎಪ್ಪತ್ತು ವರ್ಷ ಮುಂಚೆಯೇ ತಮ್ಮ ಪಾಡಿಗೆ ತಾವು ಲೀಗ್ ಆಡಿಕೊಂಡಿದ್ದವು. ಮೇಲಿನವರು ಮಾಡಿಕೊಡಲಿ ಎಂದು ಕಾಯಲಿಲ್ಲ. ದೇಶದ ಲೀಗ್ ಶುರುವಾದ ಮೇಲೆ ಮೊದಲ ಐದು ವರ್ಷವೂ ಗೆದ್ದವರು ಹಾಯಿಕ್‌ನವರು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಅಕ್ಕಪಕ್ಕದ ಊರುಗಳ ಜೊತೆ ಅಷ್ಟು ವರ್ಷ ಗುದ್ದಾಡಿ ಪಳಗಿದವರು ಅವರು.

ಆಗ ಆಡುತ್ತಿದ್ದವರಿಗೆ ಸಂಬಳ ಇರಲಿಲ್ಲ. ರಗ್ಬಿ ಯೂನಿಯನ್‌ನಲ್ಲಿ ಆಟಗಾರರು ದುಡ್ಡು ತಗೊಳ್ಳಬಹುದು ಎಂದಾಗಿದ್ದು 1995ರಲ್ಲಿ. ಅಲ್ಲಿಯವರೆಗೆ ವಾರವಿಡೀ ಉಣ್ಣೆ ಗಿರಣಿಯಲ್ಲೋ ಹೊಲದಲ್ಲೋ ಕೆಲಸ, ಶನಿವಾರ ಮಧ್ಯಾಹ್ನ ಆಟ. ಗಾಲಶೀಲ್ಸಿಗೂ ಮೆಲ್ರೋಸಿಗೂ ಆರೇಳು ಕಿಲೋಮೀಟರ್ ದೂರ. ಸೋತರೆ ಸೋಮವಾರ ಗಿರಣಿಯಲ್ಲಿ ಗೆದ್ದ ಊರಿನವನ ಮುಖ ನೋಡಲೇಬೇಕು. ಅದೇ ಅವರಿಗೆ ಬಹುಮಾನ, ಅದೇ ದಂಡ.

ನಾನು ಪುತ್ತೂರು ಕಡೆಯವನು. ನಮ್ಮಲ್ಲೂ ಆಟದ ಹುಚ್ಚಿಗೇನೂ ಬರವಿಲ್ಲ. ಹೊನಲು ಬೆಳಕಿನ ಕಬಡ್ಡಿ ಎಂದರೆ ಶಾಲೆ ಮೈದಾನದಲ್ಲಿ ಬೆಳಗಿನ ಜಾವದವರೆಗೂ ಜನ ಕೂತಿರುತ್ತಾರೆ. ಮೈಕಿನಲ್ಲಿ ವೀಕ್ಷಕ ವಿವರಣೆ, ಪಕ್ಕದಲ್ಲಿ ಚರುಮುರಿ ಗಾಡಿ, ವೇದಿಕೆ ಮೇಲೆ ಸಾಲಾಗಿ ಜೋಡಿಸಿಟ್ಟ ಟ್ರೋಫಿಗಳು. ಆ ಸಂಭ್ರಮ ಸ್ಕಾಟ್ಲೆಂಡಿನಲ್ಲಿ ಎಲ್ಲೂ ನೋಡಿಲ್ಲ. ಆದರೆ ನಮ್ಮದು ಒಂದು ರಾತ್ರಿಯ ಆಟ. ಮೊದಲ ಪಂದ್ಯದಲ್ಲಿ ಸೋತ ತಂಡ ಒಂಬತ್ತು ಗಂಟೆಗೆ ಬ್ಯಾಗ್ ಎತ್ತಿಕೊಂಡು ಹೊರಡುತ್ತದೆ. ಪ್ರಥಮ ಬಹುಮಾನದ ಮೊತ್ತ ದೊಡ್ಡದಾದಷ್ಟೂ ಹೊರಗಿನ ಆಟಗಾರರನ್ನು ಕರೆಸುವುದು ಜಾಸ್ತಿ. ಊರಿನ ಹುಡುಗ ಜೆರ್ಸಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿರುತ್ತಾನೆ. ಮಾರನೇ ದಿನ ಶಾಮಿಯಾನ ಬಿಚ್ಚಿದರೆ ಮುಗಿಯಿತು. ಯಾರು ಯಾರನ್ನು ಎಷ್ಟಕ್ಕೆ ಸೋಲಿಸಿದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ.

ಲೀಗ್‌ನಲ್ಲಿ ಸೋತವನಿಗೂ ಮುಂದಿನ ವಾರ ಆಟ ಇರುತ್ತದೆ. ನನ್ನ ಪ್ರಕಾರ ಇಡೀ ವ್ಯತ್ಯಾಸ ಇರುವುದು ಇಲ್ಲಿ. ಒಂದು ಸಲ ನಮ್ಮ ಮೈದಾನ, ಒಂದು ಸಲ ಅವರದ್ದು. ಕೊನೆಯ ಸ್ಥಾನದಲ್ಲಿದ್ದರೂ ಅಷ್ಟೂ ಪಂದ್ಯ ಆಡಲೇಬೇಕು. ಹಾಗಾಗಿ ಹದಿನೆಂಟರ ಹುಡುಗನಿಗೂ ಅವಕಾಶ ಸಿಗುತ್ತದೆ, ಒಂದು ಕೆಟ್ಟ ದಿನದಿಂದ ಅವನ ಆಟ ಮುಗಿಯುವುದಿಲ್ಲ. ಹಾಯಿಕ್‌ನ ಮ್ಯಾನ್ಸ್‌ಫೀಲ್ಡ್ ಪಾರ್ಕಿನಲ್ಲಿ ಹಾಫ್ ಟೈಮ್ ಆದ ತಕ್ಷಣ ಚಿಕ್ಕ ಮಕ್ಕಳು ಚೆಂಡು ಹಿಡಿದು ಕೆಸರಿಗೆ ಓಡುವುದನ್ನು ನೋಡಿದ್ದೇನೆ. ಯಾರೂ ಗದರುವುದಿಲ್ಲ. ಬೇಲಿಗೆ ಒರಗಿ ನಿಂತ ಅಜ್ಜಂದಿರು, ಆ ಹುಡುಗ ಯಾರ ಮನೆಯವನು, ಅವನಪ್ಪ ಯಾವ ಜಾಗದಲ್ಲಿ ಆಡುತ್ತಿದ್ದ ಎಂದೆಲ್ಲ ಮಾತಾಡಿಕೊಳ್ಳುತ್ತಾರೆ.

ಬಿಲ್ ಮೆಕ್‌ಲ್ಯಾರೆನ್ ಇದೇ ಊರಿನವರು. ಸ್ಕಾಟ್ಲೆಂಡ್ ತಂಡದ ಬಾಗಿಲವರೆಗೆ ಬಂದಿದ್ದ ಆಟಗಾರ, ಕ್ಷಯ ಬಂದು ಆಟ ನಿಂತಿತು. ಆಮೇಲೆ ಬಿಬಿಸಿಯಲ್ಲಿ ರಗ್ಬಿ ವೀಕ್ಷಕ ವಿವರಣೆ ಎಂದರೆ ಅವರದೇ ದನಿ ಎನ್ನುವಂತಾದರು. ಅಷ್ಟು ಹೆಸರು ಬಂದರೂ ಹಾಯಿಕ್‌ನ ಶಾಲೆಗಳಲ್ಲಿ ವ್ಯಾಯಾಮ ಮೇಷ್ಟ್ರಾಗಿ ಮಕ್ಕಳಿಗೆ ರಗ್ಬಿ ಹೇಳಿಕೊಟ್ಟರು. 1990ರಲ್ಲಿ ಎಡಿನ್‌ಬರೋದ ಮರ್ರೀಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್ 13-7ರಿಂದ ಇಂಗ್ಲೆಂಡನ್ನು ಸೋಲಿಸಿ, ಆ ವರ್ಷದ ಪಂದ್ಯಾವಳಿಯ ಎಲ್ಲ ಪಂದ್ಯಗಳನ್ನೂ ಗೆದ್ದು ಗ್ರಾಂಡ್ ಸ್ಲಾಮ್ ಮಾಡಿದಾಗ, ಎದುರಾಳಿಯ ಗೆರೆಯಾಚೆ ಚೆಂಡು ಊರಿ ಟ್ರೈ ಹೊಡೆದ ಟೋನಿ ಸ್ಟೇಂಜರ್ ಕೂಡ ಹಾಯಿಕ್ ಹುಡುಗನೇ.

ಈ ಊರುಗಳವರಿಗೆ ನಮ್ಮಂಥ ಒಂದು ದಿನದ ಪಂದ್ಯಾವಳಿ ಗೊತ್ತಿಲ್ಲ ಎಂದಲ್ಲ. ಏಳು ಜನರ ರಗ್ಬಿ ಹುಟ್ಟಿದ್ದೇ ಮೆಲ್ರೋಸ್‌ನಲ್ಲಿ, 1883ರಲ್ಲಿ. ಕ್ಲಬ್ಬಿನ ಹತ್ತಿರ ದುಡ್ಡಿರಲಿಲ್ಲ. ನೆಡ್ ಹೇಗ್ ಎಂಬ ಕಸಾಯಿ ಅಂಗಡಿಯವನು ಒಂದು ದಿನದ ಪಂದ್ಯಾವಳಿ ಮಾಡೋಣ, ಹದಿನೈದು ಜನರ ಬದಲು ಏಳು ಜನ ಆಡಲಿ ಎಂದ. ಆ ಆಟ ಈಗ ಒಲಿಂಪಿಕ್ಸ್‌ನಲ್ಲಿದೆ. ಆದರೆ ಆ ಒಂದು ದಿನದ ಜಾತ್ರೆಯ ದುಡ್ಡು ಕ್ಲಬ್ಬಿನ ಖರ್ಚಿಗೆ ಬಂತು. ನಮ್ಮಲ್ಲಿ ಎಷ್ಟೋ ಕಡೆ ಜಾತ್ರೆ ಇದೆ, ಅದರ ಹಿಂದೆ ಕ್ಲಬ್ಬೇ ಇಲ್ಲ.

ಕೊಡಗಿನವರ ಮಾತು ಬೇರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಕೌಟ್ ಆದರೂ, ತಂಡ ಮನೆತನದ್ದು. ಹೊರಗಿನಿಂದ ಆಟಗಾರರನ್ನು ತರುವ ಪ್ರಶ್ನೆಯೇ ಇಲ್ಲ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡಬಹುದು. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಹಾಯಿಕ್‌ನವರನ್ನು ಕರೆದು ತೋರಿಸಬೇಕಾದ ಆಟ ಇದು.

ಬಾರ್ಡರ್ ಲೀಗ್ ಈಗ ಮುಂಚಿನ ಹಾಗೆ ಉಳಿದಿಲ್ಲ, ಅದು ನನಗೆ ಬೇಸರದ ವಿಷಯ. ಶನಿವಾರಗಳನ್ನು ದೇಶದ ಲೀಗ್ ತಗೊಂಡಿತು, ಊರಿನ ಪಂದ್ಯಗಳು ಬಿಡುವಿದ್ದಾಗ ಆಡುವಂತಾದವು. ಒಳ್ಳೆಯ ಆಟಗಾರರು ಸಂಬಳದ ತಂಡಗಳಿಗೆ ಹೋದರು. ಈ ಭಾಗಕ್ಕೆಂದೇ ಮಾಡಿದ್ದ ಸಂಬಳದ ತಂಡ, ಬಾರ್ಡರ್ ರೀವರ್ಸ್, 2007ರಲ್ಲಿ ಮುಚ್ಚಿಹೋಯಿತು. ಊರಿನ ಕ್ಲಬ್‌ಗಳು ಮಾತ್ರ ಇಂದಿಗೂ ಇವೆ.

ನಮ್ಮ ತಾಲೂಕುಗಳಲ್ಲಿ ಇದನ್ನು ಮಾಡಬಹುದು ಅಲ್ವಾ? ಆರು ಊರು ಸಾಕು. ಮಳೆ ನಿಂತ ಮೇಲೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಭಾನುವಾರ ಸಂಜೆ, ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಕಬಡ್ಡಿ. ಆಯಾ ಊರಿನಲ್ಲಿ ಮನೆಯಿರುವವರು ಮಾತ್ರ ಆಡಬೇಕು. ನಗದು ಬಹುಮಾನ ಬೇಡ. ಆ ದುಡ್ಡಲ್ಲಿ ಮ್ಯಾಟ್ ತಗೊಳ್ಳಲಿ, ದೂರದ ಊರಿಗೆ ಹೋಗುವ ತಂಡಕ್ಕೆ ಜೀಪ್ ಬಾಡಿಗೆ ಕೊಡಲಿ. ಪ್ರತಿ ಪಂದ್ಯದ ಅಂಕಗಳನ್ನು ಶಾಲೆಯ ಮೇಷ್ಟ್ರೊಬ್ಬರು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೊನಲು ಬೆಳಕಿನ ರಾತ್ರಿಯನ್ನು ಬಿಡುವುದೇನೂ ಬೇಡ, ಅದನ್ನು ಲೀಗ್ ಮುಗಿದ ಮೇಲೆ ಮಾರ್ಚ್‌ನಲ್ಲಿ ಇಟ್ಟುಕೊಳ್ಳೋಣ.