ಎಂಜಿನ್ ಪುಟ್ಟದು, ಸಂಸಾರ ದೊಡ್ಡದು

ಅಮೆರಿಕದಲ್ಲಿ ಪಿಕಪ್ ಟ್ರಕ್ ಇಟ್ಟುಕೊಂಡವರನ್ನು ಜನ ಮೊದಲು ಕೇಳುವುದು ಎಂಜಿನ್ ಎಷ್ಟು ದೊಡ್ಡದು ಅಂತ. 2.7 ಲೀಟರ್ ಅಂದರೆ ಸಾಕು, ಮುಖದಲ್ಲಿ ಅಯ್ಯೋ ಪಾಪ ಅನ್ನುವ ಭಾವ. ಅದರಲ್ಲಿ ಕ್ಯಾಂಪರ್ (ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆ) ಬೇರೆ ಎಳೀತೀರಾ? ನಮ್ಮ ಕಡೆ ಇಷ್ಟೇ ಗಾತ್ರದ ಪೆಟ್ರೋಲ್ ಎಂಜಿನ್ ಇನ್ನೋವಾ ಕ್ರಿಸ್ಟಾದಲ್ಲಿ ಬರುತ್ತಿತ್ತು. ಅದನ್ನು ಇಟ್ಟುಕೊಂಡವರು ಸಾಹುಕಾರರು. 1.2 ಲೀಟರ್ ಕಾರಿನಲ್ಲಿ ಐದು ಜನ ಕೂತು, ಡಿಕ್ಕಿಗೆ ಹಲಸಿನಹಣ್ಣು ತುರುಕಿ ಚಾರ್ಮಾಡಿ ಘಾಟಿ ಹತ್ತುವ ನಾಡಿನಿಂದ ಬಂದವನಿಗೆ 2.7 ಚಿಕ್ಕದು ಅನ್ನಿಸುವುದಾದರೂ ಹೇಗೆ?

ನಮ್ಮದು ಫೋರ್ಡ್ ಎಫ್-150. ಎಂಜಿನ್ ಪುಟ್ಟದಾದರೂ ಎರಡು ಟರ್ಬೋ ಇವೆ, 325 ಕುದುರೆಯ ಬಲ. ಇರುವುದು ಕೊಲರಾಡೋದ ಡೆನ್ವರ್‌ನಲ್ಲಿ, ಅಂದರೆ ಪಶ್ಚಿಮಕ್ಕೆ ಎಲ್ಲಿಗೆ ಹೊರಟರೂ ಬೆಟ್ಟ ಹತ್ತಲೇಬೇಕು. ಐ-70 ಹೆದ್ದಾರಿ ಹಿಡಿದು ಹೋದರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಅದರ ಪಶ್ಚಿಮದ ಬಾಯಿ 11,158 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ಆರು ಸಾವಿರ ಅಡಿ ಚಿಲ್ಲರೆ, ಲೆಕ್ಕ ಹಾಕಿ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಸುರಂಗ ಮುಟ್ಟುವ ಹೊತ್ತಿಗೆ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ಕೂಡ ಮೂರರಲ್ಲಿ ಒಂದು ಪಾಲು ಬಿಟ್ಟುಕೊಟ್ಟಿರುತ್ತದೆ. ಟರ್ಬೋ ಇದ್ದದ್ದು ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬಿಕೊಳ್ಳುವುದರಿಂದ ಅಷ್ಟೊಂದು ಸೊರಗುವುದಿಲ್ಲ. ನೆಲಮಟ್ಟದಲ್ಲಿ ಜಂಬ ಕೊಚ್ಚಿಕೊಂಡ ಟ್ರಕ್ಕು ಬಲಗಡೆ ಲೇನಿನಲ್ಲಿ ಏದುಸಿರು ಬಿಡುತ್ತಿರುವಾಗ ಪಕ್ಕದಲ್ಲೇ ದಾಟಿ ಹೋಗುವುದಿದೆಯಲ್ಲ, ಅದರ ಖುಷಿಯೇ ಬೇರೆ. ಸಣ್ಣ ಬುದ್ಧಿ ಅನ್ನಿ ಬೇಕಾದರೆ.

ಬೆಟ್ಟಕ್ಕಿಂತ ಜಾಸ್ತಿ ಸತಾಯಿಸುವುದು ಬಯಲು. ಪೂರ್ವಕ್ಕೆ ಕಾನ್ಸಾಸ್ ಕಡೆ ಹೊರಟರೆ ಗಾಳಿಯ ಕಾಟ. ಕ್ಯಾಂಪರಿನ ಮುಂಭಾಗ ಅಂದರೆ ಒಂದು ಗೋಡೆ. ಗಂಟೆಗೆ 60 ಮೈಲಿಯಿಂದ 75ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. ಟರ್ಬೋ ಎಂಜಿನ್ನಿಗೆ ಆಗ ಎಲ್ಲಿಲ್ಲದ ಬಾಯಾರಿಕೆ, ಮೈಲೇಜು ಇಳಿದೇ ಇಳಿಯುತ್ತದೆ. ನಾನಂತೂ 62ರಲ್ಲೇ ಹೋಗುವವನು. ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ನಿಜವಾದ ತಲೆನೋವು ಎಂಜಿನ್ ಅಲ್ಲವೇ ಅಲ್ಲ, ತೂಕ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಮೀರಬಾರದು ಅಂತ. ನಮ್ಮದರಲ್ಲಿ 1,500 ಪೌಂಡ್, ಅಂದರೆ 680 ಕೆಜಿ. ಧಾರಾಳ ಅನ್ನಿಸುತ್ತದೆ ಅಲ್ವಾ? ಸಾಮಾನು ತುಂಬಿದ ಕ್ಯಾಂಪರು 2,500 ಕೆಜಿ ಇದ್ದರೆ ಅದರ ನೂರಕ್ಕೆ ಹನ್ನೆರಡು ಭಾಗ, 300 ಕೆಜಿ, ಹಿಚ್ ಮೇಲೆ, ಅಂದರೆ ಟ್ರಕ್ಕಿಗೂ ಕ್ಯಾಂಪರಿಗೂ ಕೊಂಡಿ ಹಾಕುವ ಜಾಗದ ಮೇಲೆ, ಕೂರುತ್ತದೆ. ಅದು ಟ್ರಕ್ಕಿನ ಲೆಕ್ಕಕ್ಕೇ ಬರುತ್ತದೆ. ಹಿಚ್ಚಿನ ಸ್ವಂತ ತೂಕ ಒಂದು 40 ಹಿಡಿಯಿರಿ. ಉಳಿದ 340ರಲ್ಲಿ ನಾನು, ಹೆಂಡತಿ, ಮಗಳು, ಬೇಸಿಗೆಗೆ ಮಂಡ್ಯದಿಂದ ಬಂದ ಅಪ್ಪ ಅಮ್ಮ.

"ಅಪ್ಪ, ನಿಮ್ಮ ತೂಕ ಎಷ್ಟು?"

"ಯಾಕೋ, ಡಾಕ್ಟರ್ ಹತ್ರ ಹೋಗ್ಬೇಕಾ?"

ಕ್ಯಾಂಪರ್ ಮಾರುವವರು ಹೇಳುವುದು ಒಣ ತೂಕ. ಅದರಲ್ಲಿ ನೀರಿಲ್ಲ, ತಟ್ಟೆ ಲೋಟ ಇಲ್ಲ, ಸಂಸಾರವೇ ಇಲ್ಲ. 40 ಗ್ಯಾಲನ್ ಟ್ಯಾಂಕಿಗೆ ನೀರು ತುಂಬಿದರೆ ಅದೊಂದೇ 150 ಕೆಜಿ. ಆಮೇಲೆ ಅಮ್ಮನ ಸರದಿ. ಕುಕ್ಕರ್ ಎರಡು, ಯಾಕೆಂದರೆ ಅನ್ನಕ್ಕೊಂದು ಬೇಳೆಗೊಂದು. ಕಬ್ಬಿಣದ ದೋಸೆ ಕಾವಲಿ. ಇಡ್ಲಿ ಸ್ಟ್ಯಾಂಡು. ಸೋನಾ ಮಸೂರಿ ಚೀಲ. ರುಬ್ಬಿದ ಹಿಟ್ಟಿನ ದೊಡ್ಡ ಡಬ್ಬಿ. ಮಿಕ್ಸಿ ಬೇಡಮ್ಮ ಅಂದರೆ, ಕಾಯಿ ಚಟ್ನಿ ಕೈಯಲ್ಲಿ ಕಿವುಚಲಾ ಅಂತ ಕೇಳುತ್ತಾರೆ. ಉತ್ತರ ಇಲ್ಲ.

ಇದನ್ನೆಲ್ಲ ಕ್ಯಾಂಪರಿನ ಹಿಂಭಾಗದ ಕಪಾಟಿಗೆ ಜೋಡಿಸುತ್ತಿದ್ದಾಗ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಸುಮ್ನೆ ನೋಡುತ್ತಿದ್ದರು. ಹುಡುಗರಾಗಿದ್ದಾಗ ಕಬ್ಬಿನ ಗಾಡಿ ಹೊಡೆದವರು. "ಹಿಂಭಾರ ಆಯ್ತದೆ ಕಣೋ" ಅಂದರು. ಎತ್ತಿನ ಗಾಡಿಯಲ್ಲಿ ಹಿಂದೆ ಹೇರು ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ನೊಗ ಎದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಸೋಲುತ್ತದೆ. ಟ್ರೇಲರಿನದೂ ಅದೇ ಕತೆ. ಮೂಕಿಯ ಮೇಲೆ ಅದರ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಇರಬೇಕು. ಕಮ್ಮಿಯಾದರೆ ಹೆದ್ದಾರಿಯಲ್ಲಿ ಹಿಂದಿನದು ಓಲಾಡಲು ಶುರು. ಆಗ ಗಾಬರಿಯಿಂದ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಮೆಲ್ಲಗೆ ಒತ್ತಬೇಕು. ಅಕ್ಕಿ ಚೀಲ ಕ್ಯಾಂಪರಿನ ಮುಂದಕ್ಕೆ ಬಂತು. ಕುಕ್ಕರುಗಳೂ ಬಂದವು.

ಇನ್ನು ಜಾಹೀರಾತಿನಲ್ಲಿ ಕಾಣುವ 'ಗರಿಷ್ಠ ಎಳೆತ' ಅನ್ನುವ ದೊಡ್ಡ ಅಂಕಿ. ಅದನ್ನು ನಿರ್ಧರಿಸುವುದಕ್ಕೆ ಒಂದು ಕಟ್ಟುನಿಟ್ಟಿನ ಪರೀಕ್ಷೆ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿ ಏರನ್ನು, ಸುಡುಬಿಸಿಲಿನ ಲೆಕ್ಕದಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಒಪ್ಪತಕ್ಕ ಪರೀಕ್ಷೆಯೇ. ಆದರೆ ಅದರಲ್ಲಿ ಟ್ರಕ್ಕಿನೊಳಗೆ ಇಬ್ಬರೇ, ತಲಾ 150 ಪೌಂಡ್, ಅಂದರೆ 68 ಕೆಜಿ. ಬಿಸಿಬೇಳೆಬಾತಿಗೆ ಎರಡನೇ ಸಲ ಕೈಚಾಚದ ಇಬ್ಬರು. ಅಂಥವರು ನಮ್ಮ ಮನೆಯಲ್ಲಿಲ್ಲ.

ಎಲ್ಲರೂ ಕೇಳುವುದು ಎಳೆಯುತ್ತಾ ಅಂತ. ನಿಲ್ಲುತ್ತಾ ಅಂತ ಯಾರೂ ಕೇಳುವುದಿಲ್ಲ. ಸುರಂಗ ದಾಟಿದ್ದೇ ಸಿಲ್ವರ್‌ಥಾರ್ನ್ ಕಡೆಗೆ ಕಡಿದಾದ ಇಳಿಜಾರು. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿ ಸುರಿದ ಏರುದಾರಿಗಳನ್ನೇ ಮಾಡಿಟ್ಟಿದ್ದಾರೆ. ಪುಟ್ಟ ಎಂಜಿನ್ ನಿಜಕ್ಕೂ ಸೋಲುವುದು ಇಲ್ಲಿ. ಕೆಳಗಿನ ಗೇರಿನಲ್ಲಿ ಇಳಿಯುವಾಗ ದೊಡ್ಡ ಎಂಜಿನ್ ಹಿಡಿದು ನಿಲ್ಲಿಸುವಷ್ಟು ಇದು ಹಿಡಿಯುವುದಿಲ್ಲ. ಟೋ-ಹಾಲ್ ಗುಂಡಿ (ಭಾರ ಎಳೆಯುವಾಗ ಗೇರನ್ನು ಕೆಳಗೇ ಹಿಡಿದಿಡುವಂಥದ್ದು) ಒತ್ತಿ, ತುದಿಯಲ್ಲೇ ವೇಗ ಇಳಿಸಿಕೊಂಡು, ಬ್ರೇಕನ್ನು ಒಂದೇ ಸಮನೆ ತುಳಿಯದೆ ಆಗಾಗ ಒತ್ತಿ ಬಿಡುತ್ತಾ ಬರಬೇಕು. ಅಮ್ಮ ಹಿಂದೆ ಕೂತು ಮಂಜುನಾಥನ ಜಪ ಮಾಡುತ್ತಾರೆ, ಅದಕ್ಕೇನೂ ಅಡ್ಡಿಯಿಲ್ಲ.

ಇಷ್ಟೆಲ್ಲ ಆದಮೇಲೆ ಕ್ಯಾಂಪಿನಲ್ಲಿ ಹಿಮ್ಮುಖ ಬಿಟ್ಟು ನಿಲ್ಲಿಸುವ ಕೆಲಸ ಬಾಕಿ. ಇಲ್ಲಿ 2.7 ಲೀಟರ್ ಆದರೂ ಒಂದೇ, 6.7ರ ಡೀಸೆಲ್ ಆದರೂ ಒಂದೇ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಗುತ್ತದೆ. ಅಕ್ಕಪಕ್ಕದವರು ಕುರ್ಚಿ ಇತ್ತ ತಿರುಗಿಸಿಕೊಂಡು ಕೂರುತ್ತಾರೆ. ಹೆಂಡತಿ ಹಿಂದೆ ನಿಂತು ಎರಡೂ ಕೈ ಆಡಿಸುತ್ತಾಳೆ.

"ಬಲಕ್ಕೆ ರೀ... ಬಲಕ್ಕೆ! ಅಯ್ಯೋ, ನಿಮ್ಮ ಬಲ ಅಲ್ಲ, ನನ್ನ ಬಲ!"